ಬ್ಯಾಕ್‌ಫೈರ್: ಎದುರುಬೆಂಕಿಯಿಂದ ತಿರುಗುಬಾಣಕ್ಕೆ

‘ಆಡಳಿತ ಪಕ್ಷದ ಲೆಕ್ಕಾಚಾರ ಬ್ಯಾಕ್‌ಫೈರ್ ಆಯಿತು’ ಎಂದು ಪತ್ರಿಕೆಗಳು ಬರೆಯುವುದುಂಟು. ವಿದ್ಯಾರ್ಥಿಗಳು ಅದನ್ನು ‘ಫೇಲಾಯಿತು’ ಎಂದು ತಿಳಿಯುತ್ತಾರೆ. ಅಷ್ಟೇ ಅರ್ಥವಾಗಿದ್ದರೆ ಇಂಗ್ಲಿಷಿಗೆ ಈ ಕ್ರಿಯಾಪದ ಬೇಕೇ ಇರಲಿಲ್ಲ.

ಪದ ಹುಟ್ಟಿದ್ದು ಅಮೆರಿಕದಲ್ಲಿ, 1830ರ ದಶಕದ ಸುಮಾರಿಗೆ. ಆದರೆ ಅದರ ಮೂಲಾರ್ಥವನ್ನು ಹಿಡಿಯಲು ನಮ್ಮ ಜೋಗಿಮಟ್ಟಿ ಸಾಕು. ಚಿತ್ರದುರ್ಗದ ಮಗ್ಗುಲಲ್ಲೇ ಎದ್ದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳವರೆಗೆ ಹಬ್ಬಿದ ಈ ಗುಡ್ಡಗಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಕುರುಚಲು, ಎಲೆ ಉದುರುವ ಮರ, ಗುಡ್ಡದ ತುಂಬ ಹುಲ್ಲು. ಮಳೆಗಾಲದಲ್ಲಿ ಕಣ್ಣಿಗೆ ತಂಪಾದ ಆ ಹುಲ್ಲೇ ಬೇಸಿಗೆಗೆ ಒಣಗಿ ನಿಂತಾಗ ಸೇದಿ ಎಸೆದ ಒಂದು ಬೀಡಿ ತುಂಡು ಸಾಕು.

ಇಂಥ ಕಾಡುಗಳಲ್ಲಿ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಪಟ್ಟಿಯಂತೆ ಹುಲ್ಲು ತೆಗೆದು ಬೆಂಕಿರೇಖೆ ಮಾಡುತ್ತಾರೆ. ಕಿಚ್ಚು ಹತ್ತಿಯೇ ಬಿಟ್ಟರೆ? ಅದು ಬರುವ ದಾರಿಯಲ್ಲಿ, ರೇಖೆಯ ಅಂಚಿನಿಂದ ತಾವೇ ಇನ್ನೊಂದು ಬೆಂಕಿ ಹಚ್ಚುವ ಉಪಾಯವಿದೆ. ಈ ಬೆಂಕಿ ದೊಡ್ಡ ಬೆಂಕಿಯತ್ತ ಸುಡುತ್ತಾ ಸಾಗುತ್ತದೆ. ಎರಡೂ ಸಂಧಿಸುವ ಹೊತ್ತಿಗೆ ನಡುವೆ ಉರಿಯಲು ಏನೂ ಉಳಿದಿರುವುದಿಲ್ಲ. ಕಾಳ್ಗಿಚ್ಚು ಹೊಟ್ಟೆಗಿಲ್ಲದೆ ಸಾಯುತ್ತದೆ. ಇದೇ ಮೊದಲ ‘ಬ್ಯಾಕ್‌ಫೈರ್’. ಕನ್ನಡದಲ್ಲಿ ಎದುರುಬೆಂಕಿ ಎನ್ನಬಹುದು. ಅಂದರೆ ಪದ ಹುಟ್ಟಿದಾಗ ಅದರ ಕೆಲಸ ಕಾಪಾಡುವುದು!

ಗಾಳಿಯ ದಿಕ್ಕು ಬದಲಾದರೆ ಎದುರುಬೆಂಕಿ ರೇಖೆ ದಾಟಿ, ಹಚ್ಚಿದವರ ಬೆನ್ನ ಹಿಂದಿನ ಕಾಡನ್ನೇ ಹಿಡಿಯಬಹುದು. ಅನುಭವಿಗಳಲ್ಲದವರು ಇದಕ್ಕೆ ಕೈಹಾಕಬಾರದು. ಈಗಿನ ಅರ್ಥ ಇಲ್ಲಿಂದಲೇ ಬಂತೆಂದು ಹೇಳಲು ಆಸೆಯಾಗುತ್ತದೆ. ಆದರೆ ನಿಘಂಟುಗಳು ಬಂದೂಕಿನತ್ತ, ಎಂಜಿನ್ನಿನತ್ತ ಕೈತೋರಿಸುತ್ತವೆ. ಎಂಜಿನ್ನಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ‘ಢಬ್’ ಎಂದು ಸಿಡಿಯುವುದಕ್ಕೆ ಈ ಹೆಸರು 1897ರಲ್ಲೇ ಬಂದಿತ್ತು. ಹಳೆಯ ಸ್ಕೂಟರ್ ಒದ್ದವರಿಗೆಲ್ಲ ಆ ಸದ್ದು ಗೊತ್ತು. ಮಾಡಿದವನಿಗೇ ತಿರುಗಿ ಹೊಡೆಯುವುದು ಎಂಬ ಅರ್ಥಕ್ಕೆ ದಾಖಲೆ ಸಿಗುವುದು 1912ರಿಂದ.

ಇನ್ನು ಬಳಕೆ. ಹೂಡಿದ ಉಪಾಯ ಕೈಗೂಡದಿದ್ದರೆ ಅದು ಬರೀ ಸೋಲು. ಹೂಡಿದವನಿಗೇ ಕೇಡು ತಂದರೆ ಬ್ಯಾಕ್‌ಫೈರ್. ಸೌದೆಗೆಂದು, ಬರಡು ನೆಲ ಹಸಿರಾಗಲೆಂದು ಬಯಲುಸೀಮೆಯಲ್ಲಿ ಬೆಳೆಸಿದ ಬಳ್ಳಾರಿ ಜಾಲಿಯನ್ನೇ ನೋಡಿ. ಅದು ಬೆಳೆಯದಿದ್ದರೆ ಯೋಜನೆ ಸೋತಂತೆ. ಸೊಂಪಾಗಿ ಬೆಳೆದು ಕೆರೆಯಂಗಳ, ಹೊಲದ ಬದುಗಳನ್ನೇ ನುಂಗಿತಲ್ಲ, ಅದು ಬ್ಯಾಕ್‌ಫೈರ್.

ವಾಕ್ಯ ಮಾಡುವಾಗ ಕರ್ತೃ ಸ್ಥಾನದಲ್ಲಿ ಮನುಷ್ಯ ಬರುವುದಿಲ್ಲ, ಅವನ ಉಪಾಯ ಬರುತ್ತದೆ. ‘ಹೀ ಬ್ಯಾಕ್‌ಫೈರ್ಡ್’ ತಪ್ಪು. ‘ಹಿಸ್ ಪ್ಲ್ಯಾನ್ ಬ್ಯಾಕ್‌ಫೈರ್ಡ್’ ಸರಿ. ಯಾರಿಗೆ ಪೆಟ್ಟು ಬಿತ್ತು ಎನ್ನಬೇಕಾದರೆ ‘ಆನ್’ ಸೇರಿಸಬೇಕು: ‘ಹಿಸ್ ಪ್ಲ್ಯಾನ್ ಬ್ಯಾಕ್‌ಫೈರ್ಡ್ ಆನ್ ಹಿಮ್’. ಪರೀಕ್ಷೆಯಲ್ಲಿ ಅಂಕ ಹೋಗುವುದು ಬಹುಮಟ್ಟಿಗೆ ಈ ‘ಆನ್’ ಮರೆತಾಗ, ಅಥವಾ ಅದರ ಜಾಗದಲ್ಲಿ ‘ಟು’ ಬರೆದಾಗ.

ಕನ್ನಡಕ್ಕೆ ತರುವಾಗ ಹುಡುಕಾಟ ಬೇಡ. ‘ತಿರುಗುಬಾಣವಾಯಿತು’ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಪತ್ರಿಕೆಗಳೂ ಅದನ್ನು ಬರೆಯಬಹುದು.