ತಿಂಗಳ ಮಾತು: ಒಂದು ಗಾಯ, ಎರಡು ಸುಳ್ಳು



ಕಳೆದ ತಿಂಗಳು ಒಂದು ಶುಕ್ರವಾರ ಕುರಾಬಿ ಮಸೀದಿಯಲ್ಲಿ ಜುಮ್ಮಾ ಮುಗಿಸಿ ಹೊರಗೆ ಬಂದಾಗ ನಮ್ಮ ಹಾವೇರಿ ಕಡೆಯ ಹುಡುಗನೊಬ್ಬ ಸಿಕ್ಕ. ಕ್ಯಾಲಮ್‌ವೇಲ್‌ನಲ್ಲಿ ನಾಲ್ಕು ಜನ ಸೇರಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಗೋದಾಮಿನ ಕೆಲಸ. ಬಲಗೈಗೆ ಮೊಣಕೈ ತನಕ ಪಟ್ಟಿ ಕಟ್ಟಿತ್ತು. ಏನಾಯ್ತಪ್ಪಾ ಅಂದರೆ, ಪೆಟ್ಟಿಗೆ ಎತ್ತುವ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳು ಮುರಿದಿವೆ ಅಂದ.

ಅವನ ಚಿಂತೆ ಬೆರಳಿನದ್ದಲ್ಲ. "ಒಂದು ಮಾತು ಕೇಳ್ಬೇಕಿತ್ತು. ಊರಲ್ಲಿ ಅವ್ವಗ ಏನೂ ಹೇಳಿಲ್ಲ. ದಿನಾ ಫೋನ್ ಮಾಡಿ ಆರಾಮ ಅದೀನಿ ಅಂತೀನಿ. ಇನ್ನೊಂದು, ಸೂಪರ್‌ವೈಸರ್ ಹೇಳ್ಯಾನ, ಡಾಕ್ಟ್ರ ಹತ್ರ ಮನ್ಯಾಗ ಬಿದ್ದೆ ಅಂತ ಹೇಳು, ಇಲ್ಲಂದ್ರ ಮುಂದಿನ ವಾರದಿಂದ ಶಿಫ್ಟ್ ಸಿಗೂದಿಲ್ಲ ಅಂತ. ನಮ್ಮ ದೀನ್‌ನಾಗ ಸುಳ್ಳಿಗೆ ಮಾಫಿ ಐತೇನು?"

ಒಂದೇ ಗಾಯ, ಎರಡು ಸುಳ್ಳು. ಅವತ್ತು ಕಾರ್ ಪಾರ್ಕಿನಲ್ಲಿ ನಿಂತು ಹೇಳಿದ್ದು ಸ್ವಲ್ಪ, ಆಮೇಲೆ ನಾವೂ ಕೂತು ಓದಿ, ತಿಳಿದವರನ್ನು ಕೇಳಿ ಬಂದದ್ದು ಸ್ವಲ್ಪ. ಪರ್ತ್‌ನಲ್ಲಿ, ಅಡಿಲೇಡ್‌ನಲ್ಲಿ ಇರುವ ನಮ್ಮವರಿಗೂ ಇದು ಬೇಕಾಗುವ ಮಾತೇ. ಮುಸಲ್ಮಾನರಲ್ಲದ ಓದುಗರೂ ಓದಬೇಕು ಅಂತ ನಮ್ಮ ಆಸೆ. ಯಾಕೆ ಅನ್ನೋದು ಮುಂದೆ ಗೊತ್ತಾಗ್ತದೆ.

ಮೊದಲು ಮೂಲದ ಮಾತು. ಇಸ್ಲಾಮಿನಲ್ಲಿ ಸುಳ್ಳು ಹರಾಮ್, ನಿಷಿದ್ಧ. ಸತ್ಯ ಒಳ್ಳೆಯದರ ಕಡೆಗೆ, ಸುಳ್ಳು ಕೆಡುಕಿನ ಕಡೆಗೆ ಒಯ್ಯುತ್ತದೆ, ಸುಳ್ಳು ಹೇಳುತ್ತಾ ಹೇಳುತ್ತಾ ಮನುಷ್ಯ ಕೊನೆಗೆ ಅಲ್ಲಾಹನ ಬಳಿ ಸುಳ್ಳುಗಾರ ಅಂತಲೇ ಬರೆಯಲ್ಪಡುತ್ತಾನೆ ಎಂಬ ಅರ್ಥದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಕಪಟಿಯ ಗುರುತುಗಳಲ್ಲಿ ಮೊದಲನೆಯದೇ ಸುಳ್ಳಾಡುವುದು. ಅಬೂ ದಾವೂದರ ಸಂಗ್ರಹದಲ್ಲಿ ಇನ್ನೊಂದು ಪ್ರಸಂಗ ಬರುತ್ತದೆ. ತಾಯಿಯೊಬ್ಬಳು ಮಗುವನ್ನು "ಬಾ, ಏನೋ ಕೊಡ್ತೀನಿ" ಅಂತ ಕರೆದಳು. ಪ್ರವಾದಿಯವರು ಏನು ಕೊಡ್ತೀಯಾ ಅಂತ ಕೇಳಿದರು. ಖರ್ಜೂರ ಅಂದಳು. ಏನೂ ಕೊಡದೆ ಇದ್ದಿದ್ದರೆ ಅದೂ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಅಂದರಂತೆ. ಮಗುವಿಗೆ ಹೇಳುವ ಮಾತಿಗೇ ಇಷ್ಟು ಲೆಕ್ಕ ಇದ್ದರೆ ಮಿಕ್ಕದ್ದನ್ನು ನಾವೇ ಊಹಿಸಬಹುದು.

ಹಾಗಾದರೆ ವಿನಾಯಿತಿ ಇಲ್ಲವೇ? ಇದೆ. ಉಮ್ಮು ಕುಲ್ಸೂಮ್ ಎಂಬ ಮಹಿಳೆಯಿಂದ ಬಂದ ಹದೀಸ್ ಪ್ರಕಾರ ಮೂರು ಕಡೆ ಸಡಿಲಿಕೆ ಉಂಟು: ಜಗಳವಾಡಿದವರನ್ನು ಒಂದು ಮಾಡುವಾಗ, ಯುದ್ಧದಲ್ಲಿ, ಗಂಡ ಹೆಂಡತಿಯ ನಡುವಿನ ಮಾತಿನಲ್ಲಿ. ರೂಮಿನಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ ಅಂದುಕೊಳ್ಳಿ. ನೀವು ಒಬ್ಬನ ಹತ್ತಿರ ಹೋಗಿ "ಅವನು ನಿನ್ನ ಬಗ್ಗೆ ಒಳ್ಳೇ ಮಾತೇ ಆಡಿದ" ಅಂತೀರಿ. ಇನ್ನೊಬ್ಬನ ಹತ್ತಿರವೂ ಅದೇ. ಇದು ಮೊದಲನೆಯದು. "ನಿನ್ನ ಕೈ ಅಡುಗೆ ಮುಂದೆ ಯಾವ ಹೋಟೆಲ್ಲೂ ಇಲ್ಲ" ಅಂತ ಫೋನಿನಲ್ಲಿ ಹೆಂಡತಿಗೆ ಹೇಳ್ತೀರಲ್ಲ, ಅದು ಮೂರನೆಯದು. ಆದರೆ ಸಂಬಳ ಎಷ್ಟು ಅಂತ ಹೆಂಡತಿಗೆ ಸುಳ್ಳು ಹೇಳಿ ಮನೆಖರ್ಚು ಕಡಿಮೆ ಕಳಿಸಿದರೆ? ಅದಕ್ಕೆ ಈ ಸಡಿಲಿಕೆ ಇಲ್ಲ. ಒಬ್ಬರ ಹಕ್ಕನ್ನು ಇನ್ನೊಬ್ಬರು ಮೋಸದಿಂದ ಕಸಿದುಕೊಳ್ಳುವುದು ಗಂಡ ಹೆಂಡತಿಯ ನಡುವೆಯೂ ಹರಾಮ್, ಇದರಲ್ಲಿ ವಿದ್ವಾಂಸರಿಗೆ ಒಮ್ಮತ ಇದೆ ಅಂತ ಇಮಾಮ್ ನವವಿ ಬರೆದಿದ್ದಾರೆ.

ಈ ಮೂರರಲ್ಲೂ ಎಲ್ಲ ವಿದ್ವಾಂಸರು ಒಂದೇ ಮಾತು ಹೇಳುವುದಿಲ್ಲ. ಇಮಾಮ್ ತಬರಿಯಂಥವರು, ಇಲ್ಲಿಯೂ ಪೂರ್ತಿ ಸುಳ್ಳಿಗೆ ಅನುಮತಿ ಇಲ್ಲ, ಎರಡರ್ಥ ಬರುವಂತೆ ಮಾತಾಡಬಹುದು ಅಷ್ಟೇ ಅಂದರು. ಅದನ್ನು ತೌರಿಯಾ ಅಂತಾರೆ. ಇದಕ್ಕೊಂದು ತಮಾಷೆಯ ಉದಾಹರಣೆ ಇದೆ. ಶಅಬೀ ಎಂಬ ಹಿರಿಯ ವಿದ್ವಾಂಸರು, ಬೇಡದವರು ಬಾಗಿಲಿಗೆ ಬಂದರೆ ಕೆಲಸದವಳಿಗೆ ಹೇಳುತ್ತಿದ್ದರಂತೆ: ನೆಲದ ಮೇಲೆ ಒಂದು ವೃತ್ತ ಎಳೆದು, ಅದರೊಳಗೆ ಬೆರಳಿಟ್ಟು, "ಅವರು ಇಲ್ಲಿಲ್ಲ" ಅನ್ನು ಅಂತ! ಇದನ್ನು ಹೇಳುವ ಇಮಾಮ್ ಗಜಾಲಿ ಎಚ್ಚರಿಕೆಯನ್ನೂ ಕೊಡ್ತಾರೆ: ಇದೂ ಅಗತ್ಯ ಬಿದ್ದಾಗ ಮಾತ್ರ. ಸುಮ್ಮಸುಮ್ಮನೆ ಮಾಡಿದರೆ ಕೇಳುವವನ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆ ಹುಟ್ಟಿಸಿದ ಹಾಗೇ ಆಯಿತು.

ಗಜಾಲಿಯವರು ತೀರಿಕೊಂಡದ್ದು 1111ರಲ್ಲಿ. ಅವರ 'ಇಹ್ಯಾ ಉಲೂಮಿದ್ದೀನ್' ಗ್ರಂಥದಲ್ಲಿ ನಾಲಿಗೆಯ ಕೇಡುಗಳ ಬಗ್ಗೆಯೇ ಒಂದು ಭಾಗ ಇದೆ. ಅವರ ತಕ್ಕಡಿ ಹೀಗೆ: ಮಾತು ಎನ್ನುವುದು ಒಂದು ಸಾಧನ. ಒಳ್ಳೆಯ ಉದ್ದೇಶ ಸತ್ಯದಿಂದಲೂ ಈಡೇರುವುದಾದರೆ ಸುಳ್ಳು ಹರಾಮ್. ಸುಳ್ಳಿನಿಂದ ಮಾತ್ರ ಈಡೇರುವುದಾದರೆ, ಉದ್ದೇಶ ನ್ಯಾಯವಾದದ್ದಾದರೆ, ಆಗ ಅನುಮತಿ. ದುಷ್ಟನೊಬ್ಬ ಕೊಲ್ಲಲು ಅಟ್ಟಿಸಿಕೊಂಡು ಬಂದಿದ್ದಾನೆ, ನಿರಪರಾಧಿ ನಿಮ್ಮ ಮನೆಯಲ್ಲಿ ಅಡಗಿದ್ದಾನೆ ಅಂದರೆ "ಇಲ್ಲಿಲ್ಲ" ಅನ್ನುವುದು ಕರ್ತವ್ಯವೇ ಆಗುತ್ತದೆ.

ಇದು ನಮ್ಮ ಓದುಗರಲ್ಲಿ ಎಷ್ಟೋ ಜನಕ್ಕೆ ಹೊಸದಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸದಾ ಸತ್ಯವನ್ನೇ ಹೇಳ್ತೀನಿ ಅಂತ ವ್ರತ ಹಿಡಿದ ಬ್ರಾಹ್ಮಣ ಅವನು. ಜೀವ ಉಳಿಸಿಕೊಳ್ಳಲು ಕಾಡಿನಲ್ಲಿ ಅಡಗಿದವರ ಜಾಗವನ್ನು ಕಳ್ಳರಿಗೆ ತೋರಿಸಿಬಿಟ್ಟ. ಕಳ್ಳರು ಅವರನ್ನು ಕೊಂದರು, ಕೌಶಿಕ ನರಕಕ್ಕೆ ಹೋದ. ಗಜಾಲಿ ಹೇಳಿದ್ದೂ ಅದೇ, ಕೃಷ್ಣ ಹೇಳಿದ್ದೂ ಅದೇ. ಇನ್ನು ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ, ಕೊಟ್ಟ ಮಾತಿಗೆ ಎಷ್ಟು ತೂಕ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮುಸಲ್ಮಾನರಲ್ಲದವರೂ ಓದಬೇಕು ಅಂದ ಕಾರಣ. ನಮ್ಮಲ್ಲಿ ಕೆಲವರಿಗೆ ಕೆಲಸದ ಜಾಗದಲ್ಲಿ, ಸ್ಮೋಕೋ ಹೊತ್ತಿನಲ್ಲಿ, ಈ ಪ್ರಶ್ನೆ ಎದುರಾಗಿದೆ: "ನಿಮ್ಮ ಧರ್ಮದಲ್ಲಿ ಬೇರೆಯವರಿಗೆ ಸುಳ್ಳು ಹೇಳಬಹುದಂತೆ, ತಕಿಯ್ಯಾ ಅಂತೆ, ಹೌದಾ?" ಯಾವುದೋ ವಿಡಿಯೋ ನೋಡಿ ಕೇಳ್ತಾರೆ. ಸಿಟ್ಟು ಮಾಡಿಕೊಂಡರೆ ಪ್ರಯೋಜನ ಇಲ್ಲ, ಉತ್ತರ ಗೊತ್ತಿರಬೇಕು.

ಮಕ್ಕಾದಲ್ಲಿ ಅಮ್ಮಾರ್ ಬಿನ್ ಯಾಸಿರ್ ಎಂಬ ಬಡವರಿದ್ದರು. ಅವರ ತಾಯಿ ಸುಮಯ್ಯಾ, ತಂದೆ ಯಾಸಿರ್ ಇಬ್ಬರೂ ಧರ್ಮಕ್ಕಾಗಿ ಹಿಂಸೆ ಪಟ್ಟು ಸತ್ತರು. ಅಮ್ಮಾರರನ್ನೂ ಹಿಂಸಿಸಿದಾಗ ತಾಳಲಾರದೆ ಹಿಂಸಿಸುವವರಿಗೆ ಬೇಕಾದ ಮಾತು ಹೇಳಿಬಿಟ್ಟರು. ಆಮೇಲೆ ಅಳುತ್ತಾ ಪ್ರವಾದಿಯವರ ಬಳಿ ಬಂದರು. ನಿನ್ನ ಹೃದಯ ಹೇಗಿದೆ ಅಂತ ಕೇಳಿದರು. ನಂಬಿಕೆಯಲ್ಲಿ ನೆಮ್ಮದಿಯಾಗಿದೆ ಅಂದರು ಅಮ್ಮಾರ್. ಹಾಗಿದ್ದರೆ ಅವರು ಮತ್ತೆ ಹಿಂಸಿಸಿದರೆ ನೀನೂ ಮತ್ತೆ ಹಾಗೇ ಹೇಳು ಅಂದರು. ಕುರ್‌ಆನಿನ 16ನೇ ಅಧ್ಯಾಯದ 106ನೇ ವಚನವನ್ನು ಈ ಪ್ರಸಂಗಕ್ಕೆ ಸೇರಿಸಿ ಓದುತ್ತಾರೆ. ತಕಿಯ್ಯಾದ ಬೇರು ಇದು: ಪ್ರಾಣಕ್ಕೆ ಅಪಾಯ ಬಂದಾಗ ನಂಬಿಕೆಯನ್ನು ಬಚ್ಚಿಡುವುದು. ಶಿಯಾಗಳು ಅಲ್ಪಸಂಖ್ಯಾತರಾಗಿ ಹೆಚ್ಚು ಹಿಂಸೆ ಕಂಡವರು, ಹಾಗಾಗಿ ಅವರಲ್ಲಿ ಈ ವಿಚಾರ ಹೆಚ್ಚು ಬೆಳೆಯಿತು.

ನಮ್ಮ ವಿಜಯಪುರದಲ್ಲೇ ಇದನ್ನು ನೆನಪಿಸುವ ಒಂದು ಘಟನೆ ಇದೆ. ಯೂಸುಫ್ ಆದಿಲ್ ಶಾಹ 1502ರ ಸುಮಾರಿಗೆ ಬಿಜಾಪುರದಲ್ಲಿ ಶಿಯಾ ಪಂಥವನ್ನು ಸಾರಿದ. ಸುತ್ತಲಿನ ಸುಲ್ತಾನರು ಸೇರಿ ದಂಡೆತ್ತಿ ಬಂದರು. ಯೂಸುಫ್ ಬೇರಾರಿಗೆ ಹೋದ. ಅಲ್ಲಿಯ ದೊರೆಯ ಸಲಹೆಯಂತೆ ಸುನ್ನಿ ಪದ್ಧತಿಯನ್ನೇ ಮತ್ತೆ ನಡೆಸಿ ಅಂತ ಬಿಜಾಪುರಕ್ಕೆ ಹೇಳಿಕಳಿಸಿದ. ದಂಡು ಚದುರಿತು, ಇವನು ವಾಪಸ್ ಬಂದು ಶಿಯಾ ಪದ್ಧತಿಯನ್ನೇ ತಂದ ಅಂತ ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಇಲ್ಲಿ ಒಂದು ಗಮನಿಸಿ: ಎರಡೂ ಕಡೆಯವರು ಮುಸಲ್ಮಾನರೇ. ಬಚ್ಚಿಟ್ಟದ್ದು ದಂಡಿನ ಭಯಕ್ಕೆ. ವ್ಯಾಪಾರದಲ್ಲಿ, ನೆರೆಹೊರೆಯಲ್ಲಿ, ಜೊತೆಗೆ ಕೆಲಸ ಮಾಡುವವರಿಗೆ ಮೋಸ ಮಾಡಲು ಇದು ಪರವಾನಗಿ ಅಲ್ಲ.

ಪರವಾನಗಿ ಅಲ್ಲ ಅನ್ನುವುದಕ್ಕೆ ಹುಜೈಫಾರ ಪ್ರಸಂಗ ಸಾಕು. ಇದು ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿದೆ. ಹುಜೈಫಾ ಮತ್ತು ಅವರ ತಂದೆ ಮದೀನಾಕ್ಕೆ ಹೊರಟಾಗ ಕುರೈಶರು ಹಿಡಿದರು. ನಮ್ಮ ವಿರುದ್ಧ ಯುದ್ಧಕ್ಕೆ ಬರುವುದಿಲ್ಲ ಅಂತ ಮಾತು ತೆಗೆದುಕೊಂಡು ಬಿಟ್ಟರು. ಮುಂದೆ ಬಂದದ್ದು ಬದ್ರ್ ಯುದ್ಧ. ಪ್ರವಾದಿಯವರ ಕಡೆ ಜನ ಬಹಳ ಕಡಿಮೆ, ಒಬ್ಬೊಬ್ಬರೂ ಬೇಕಾಗಿದ್ದ ಹೊತ್ತು. ಆದರೂ ಪ್ರವಾದಿಯವರು ಇಬ್ಬರನ್ನೂ ವಾಪಸ್ ಕಳಿಸಿದರು, ಕೊಟ್ಟ ಮಾತು ಉಳಿಸಿಕೊಳ್ಳೋಣ ಅಂದರು. ಶತ್ರುವಿಗೆ, ಅದೂ ಬಲವಂತದಲ್ಲಿ ಕೊಟ್ಟ ಮಾತು! ವೀಸಾ ಅರ್ಜಿಯಲ್ಲಿ ನಾವು ಹಾಕುವ ಸಹಿಯೂ ಒಂದು ಮಾತೇ. ಅನುಭವ ಪತ್ರ ನಕಲಿ ಮಾಡಿಸಿದರೆ, ಇಲ್ಲದ ಕೆಲಸ ಇತ್ತು ಅಂತ ಬರೆದರೆ, "ಎಲ್ಲರೂ ಮಾಡ್ತಾರೆ" ಅನ್ನುವ ಸಮಾಧಾನ ಧರ್ಮದಲ್ಲೂ ನಡೆಯಲ್ಲ, ಕಾನೂನಿನಲ್ಲೂ ನಡೆಯಲ್ಲ. ಸುಳ್ಳು ಮಾಹಿತಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ 3 ವರ್ಷ ಹೆಚ್ಚಿನ ವೀಸಾಗಳ ಬಾಗಿಲು ಮುಚ್ಚುತ್ತದೆ. ಗುರುತಿನ ವಿಷಯದಲ್ಲೇ ಸುಳ್ಳಾದರೆ 10 ವರ್ಷ.

ಸರಿ, ನಮ್ಮ ಹುಡುಗನ ಎರಡು ಸುಳ್ಳಿಗೆ ಬರೋಣ.

ಎರಡನೆಯದನ್ನು ಮೊದಲು ನೋಡೋಣ. "ಮನೆಯಲ್ಲಿ ಬಿದ್ದೆ." ಇದಕ್ಕೆ ಗಜಾಲಿಯವರ ತಕ್ಕಡಿ ಹಿಡಿಯಿರಿ. ಇದರಿಂದ ಲಾಭ ಯಾರಿಗೆ? ಯಂತ್ರ ಸರಿ ಮಾಡಿಸದವನಿಗೆ. ನಷ್ಟ ಯಾರಿಗೆ? ಇವನಿಗೆ ನ್ಯಾಯವಾಗಿ ಬರಬೇಕಾದ ಚಿಕಿತ್ಸೆಯ ಖರ್ಚು, ರಜೆಯ ಸಂಬಳ ಹೋಗುತ್ತದೆ. ತನ್ನ ಪಾಲಿನದನ್ನು ಮನುಷ್ಯ ಬಿಟ್ಟುಕೊಡಬಹುದು, ಇನ್ನೊಬ್ಬರ ಹಕ್ಕನ್ನು ಬಿಟ್ಟುಕೊಡಲು ಇವನು ಯಾರು? ನಾಳೆ ಅದೇ ಯಂತ್ರಕ್ಕೆ ಇನ್ನೊಬ್ಬನ ಕೈ ಸಿಗುತ್ತದೆ. ಕಾಗದದಲ್ಲಿ ಮಾತ್ರ ಅಲ್ಲಿ ಯಾವತ್ತೂ ಅಪಘಾತವೇ ಆಗಿಲ್ಲ ಅಂತ ಇರುತ್ತದೆ. ಸುಳ್ಳು ಸಾಕ್ಷಿಯನ್ನು ಪ್ರವಾದಿಯವರು ಮಹಾಪಾಪಗಳ ಸಾಲಿಗೆ ಸೇರಿಸಿದರು. ಇದು ಆ ಸಾಲಿಗೆ ಬಹಳ ಹತ್ತಿರ.

ಆದರೆ ಅವನ ಭಯ ಸುಳ್ಳಲ್ಲ. ಶಿಫ್ಟ್ ಹೋದರೆ ಬಾಡಿಗೆ ಕಟ್ಟುವವರು ಯಾರು? ಹೆದರಿಸಿ ಸುಳ್ಳು ಹೇಳಿಸುವವನ ಪಾಪವನ್ನೆಲ್ಲ ಹೆದರಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದಕ್ಕೇ ನಾವು ಅವನಿಗೆ ಬರೀ ಉಪದೇಶ ಹೇಳಿ ಕಳಿಸಲಿಲ್ಲ, ಜೊತೆಗೆ ಡಾಕ್ಟರ ಹತ್ತಿರ ಹೋದೆವು. ನಿಮಗೂ ಗೊತ್ತಿರಲಿ: ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಲಸದ ಗಾಯಕ್ಕೆ ತಪ್ಪು ಯಾರದು ಅಂತ ನೋಡದೆ ಪರಿಹಾರ ಕೇಳಬಹುದು, ಅರ್ಜಿಗೆ ಸಾಮಾನ್ಯವಾಗಿ 6 ತಿಂಗಳ ಗಡುವು. ಪರ್ತ್‌ನವರು ವರ್ಕ್‌ಕವರ್ ಡಬ್ಲ್ಯೂಎ, ಅಡಿಲೇಡ್‌ನವರು ರಿಟರ್ನ್ ಟು ವರ್ಕ್ ಎಸ್‌ಎ ಕಡೆ ವಿಚಾರಿಸಿ. ವೀಸಾ ತೋರಿಸಿ ಹೆದರಿಸಿ ಕೆಲಸ ಮಾಡಿಸಿಕೊಳ್ಳುವುದು 2024ರ ಜುಲೈ 1ರಿಂದ ಅಪರಾಧ. ಸಂಬಳ, ಶಿಫ್ಟ್ ತಕರಾರಿಗೆ ಫೇರ್ ವರ್ಕ್ ಸಂಖ್ಯೆ 13 13 94. ಇಂಗ್ಲಿಷ್ ಕಷ್ಟ ಅಂದರೆ 13 14 50ಕ್ಕೆ ಮಾಡಿ, ಕನ್ನಡ ದುಭಾಷಿ ಬೇಕು ಅಂತ ಕೇಳಿ. ಸತ್ಯ ಹೇಳಲು ದಾರಿ ಇದೆ ಅಂತ ಗೊತ್ತಾದ ಮೇಲೆ ಸುಳ್ಳಿಗೆ ನೆಪ ಉಳಿಯುವುದಿಲ್ಲ.

ಇನ್ನು ಅವ್ವನ ವಿಷಯ. ಇದು ಕಷ್ಟದ್ದು, ಯಾಕೆಂದರೆ ಈ ಸುಳ್ಳನ್ನು ನಾವೆಲ್ಲರೂ ಹೇಳಿದ್ದೇವೆ. ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಸಂಜೆ ಐದು. ಊಟ ಆಯ್ತಾ ಅಂದರೆ ಆಯ್ತು ಅಂತೀವಿ. ಆರಾಮಾ ಅಂದರೆ ಆರಾಮು. ಮೂರು ವಿನಾಯಿತಿಗಳ ಪಟ್ಟಿಯಲ್ಲಿ ತಾಯಿಯ ಹೆಸರಿಲ್ಲ. ಆದರೆ ಹೃದ್ರೋಗ ಇರುವ ತಾಯಿಗೆ ನಡುರಾತ್ರಿ ಕೆಟ್ಟ ಸುದ್ದಿ ಹೇಳದೆ ಇರುವುದನ್ನು ಯಾವ ವಿದ್ವಾಂಸರೂ ಸುಲಭದಲ್ಲಿ ತಪ್ಪು ಅನ್ನಲಾರರು. ನಮಗೆ ಕಂಡ ದಾರಿ ಇಷ್ಟು: ಎಲ್ಲವನ್ನೂ ಒಂದೇ ಸಲ ಹೇಳಬೇಕಾಗಿಲ್ಲ, ಸುಮ್ಮನಿರುವುದು ಸುಳ್ಳಲ್ಲ. ಆದರೆ ನೇರವಾಗಿ ಕೇಳಿದಾಗ, ತಡೆದುಕೊಳ್ಳುವ ಶಕ್ತಿ ಅವರಿಗೆ ಇರುವಾಗ, ಮೆತ್ತಗೆ ನಿಜ ಹೇಳುವುದು ಒಳ್ಳೆಯದು. ದುವಾ ಮಾಡುವ ತಾಯಿಗೆ ಯಾವುದಕ್ಕಾಗಿ ದುವಾ ಮಾಡಬೇಕು ಅಂತ ಗೊತ್ತಿರಬೇಡವೇ?

ಹೋದ ವಾರ ಹುಡುಗ ಮತ್ತೆ ಸಿಕ್ಕಿದ್ದ. ಅವ್ವನಿಗೆ ಹೇಳಿದನಂತೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವ್ವ ಅಂದರಂತೆ: "ನಂಗ ಗೊತ್ತಿತ್ತು ಬಿಡಪ್ಪಾ. ನೀ ವಿಡಿಯೋ ಬಂದ್ ಮಾಡಿ ಬರೇ ಮಾತಾಡಾಕ ಶುರು ಮಾಡಿದ ದಿನಾನ ತಿಳೀತು. ನೀನಾಗೇ ಹೇಳ್ಲಿ ಅಂತ ಸುಮ್ಮನಿದ್ದೆ."

ಅರ್ಜಿ ಇನ್ನೂ ನಡೀತಾ ಇದೆ. ಶಿಫ್ಟ್ ಕಡಿಮೆ ಮಾಡಿದ್ದಾರೆ, ಅದಕ್ಕೂ ದೂರು ಕೊಟ್ಟಿದ್ದಾನೆ. ಬಾಡಿಗೆಗೆ ಈ ತಿಂಗಳು ರೂಮಿನವರು ಕೈ ಜೋಡಿಸಿದ್ದಾರೆ. ಇಂಥ ಬೆದರಿಕೆ ನಿಮಗೂ ಬಂದಿದ್ದರೆ ಸಹಿ ಹಾಕುವ ಮೊದಲು ನಮಗೊಂದು ಫೋನ್ ಮಾಡಿ. ಜೊತೆಗೆ ಬರ್ತೀವಿ.

ಮುಂದಿನ ತಿಂಗಳು ಮತ್ತೆ ಸಿಗೋಣ.