ಎಣ್ಣೆ ಹಚ್ಚಿದ ತಲೆ

2024ನೆಯ ಇಸವಿಯ ದೀಪಾವಳಿ ನೌಕರಿಯಲ್ಲಿರುವವರ ಪಾಲಿಗೆ ಉದಾರವಾಗಿಯೇ ಬಂದಿತು. ಅಕ್ಟೋಬರ್ 31, ಗುರುವಾರ ನರಕಚತುರ್ದಶಿ, ಮರುದಿನ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಅದರ ಬೆನ್ನಿಗೇ ಭಾನುವಾರ. ಪಂಚಾಂಗಕರ್ತರೂ ಸರ್ಕಾರದವರೂ ಇಷ್ಟು ಒಮ್ಮನಸ್ಸಿನಿಂದ ಕೂಡಿ ಕೆಲಸ ಮಾಡುವುದು ಅಪರೂಪ. ಮೈಸೂರಿನ ಸರಸ್ವತೀಪುರದ ರಾಯರ ಮನೆಯ ಕ್ಯಾಲೆಂಡರಿನಲ್ಲಿ ಆಗಲೇ ಕೆಂಪಾಗಿದ್ದ ಆ ಅಂಕಿಗಳ ಸುತ್ತ ಅಜ್ಜಿ ತಿಂಗಳ ಮೊದಲೇ ಪೆನ್ಸಿಲಿನಿಂದ ಒಂದೊಂದು ಸುತ್ತು ಎಳೆದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿರುವ ಮೊಮ್ಮಗ ನಾಲ್ಕು ದಿನವೂ ಮನೆಯಲ್ಲಿರುವನೆಂದು ಮಾತಾಗಿತ್ತು.

ಬುಧವಾರ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಮನೆಯಲ್ಲಿ ಹಂಡೆಯಿದ್ದ ಕಾಲಕ್ಕೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹೂವು ಸುತ್ತುವುದು ಪದ್ಧತಿ. ಈಗ ಹಂಡೆಯ ಸ್ಥಾನದಲ್ಲಿ ಗೋಡೆಗೆ ಅಂಟಿಕೊಂಡ ಬಿಳಿಯ ಗೀಸರು. ಅಜ್ಜಿ ಅದಕ್ಕೇ ಕುಂಕುಮವಿಟ್ಟು, ಅದರ ಕೊಳವೆಗೆ ಚೆಂಡುಹೂವಿನ ಸರವನ್ನು ಕಟ್ಟಿಸಿದರು. ಯಂತ್ರಗಳ ಮೇಲೆ ಅವರಿಗೆ ಯಾವ ದ್ವೇಷವೂ ಇಲ್ಲ. ಒರಳುಕಲ್ಲಿನ ಕಾಲವನ್ನು ನೆನೆದು ಕಣ್ಣು ತುಂಬಿಕೊಳ್ಳುವವರು ಬಹುಮಟ್ಟಿಗೆ ಒಂದು ದಿನವೂ ಒರಳು ತಿರುಗಿಸದ ಗಂಡಸರು. ಮೂವತ್ತು ವರ್ಷ ತಿರುಗಿಸಿದ ಅಜ್ಜಿ, ಮನೆಗೆ ಮಿಕ್ಸಿ ಬಂದ ದಿನ ಅದಕ್ಕೊಂದು ಮೊಳ ಹೂವು ಮುಡಿಸಿದ್ದರಂತೆ.

ಗುರುವಾರ ಬೆಳಗಿನ ಐದು ಗಂಟೆಗೆ ಎಣ್ಣೆಶಾಸ್ತ್ರ. ಹಸೆಯ ಮೇಲೆ ಮಣೆ, ಮಣೆಯ ಮೇಲೆ ಮೊಮ್ಮಗ, ಎದುರಿಗೆ ಬಿಸಿಮಾಡಿದ ಎಣ್ಣೆಯ ಬಟ್ಟಲು. ಅಜ್ಜಿಗೆ ಎಂಬತ್ತನಾಲ್ಕು ವರ್ಷ. ಹಿಂದಿನ ವರ್ಷ ಬಿದ್ದು ಮುರಿದುಕೊಂಡ ಬಲಗೈಯ ಮಣಿಕಟ್ಟು ಕೂಡಿಕೊಂಡಿದ್ದರೂ ಬಲ ಪೂರ್ತಿ ಮರಳಿಲ್ಲ. ಹತ್ತು ನಿಮಿಷ ಕೈಯಾಡಿಸಿದರೆ ಅದೇ ಹೆಚ್ಚು. ಆದರೂ ಮೊಮ್ಮಗನ ತಲೆಗೆ ಎಣ್ಣೆಯೊತ್ತುವ ಕೆಲಸವನ್ನು ಅವರು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಆರತಿಯಾಯಿತು. ನೆತ್ತಿಗೆ ಮೊದಲ ಬೊಗಸೆ ಎಣ್ಣೆ ಬಿದ್ದು ಅಜ್ಜಿಯ ಅಂಗೈ ಎರಡು ಬಾರಿ ತಟ್ಟಿತ್ತೋ ಇಲ್ಲವೋ, ಕಿಟಕಿಯ ಹಲಗೆಯ ಮೇಲಿದ್ದ ಫೋನು ಗುರುಗುಟ್ಟತೊಡಗಿತು.

“ಒಂದು ನಿಮಿಷ ಅಜ್ಜಿ” ಎಂದು ಎದ್ದವನು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ನಲವತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿದನು. ಕಿವಿಯ ಹಿಂದಿನಿಂದ ಇಳಿದ ಎಣ್ಣೆ ಕತ್ತನ್ನು ದಾಟಿ ಬೆನ್ನಿಗೆ ಹರಿಯಿತು. ಕರೆದವರದೂ ತಪ್ಪೆನ್ನುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅದು ಹಿಂದಿನ ದಿನದ ಸಂಜೆ ನಾಲ್ಕೂವರೆ. ಕಚೇರಿ ತುಂಬಿರುವ ಹೊತ್ತು. ಅಲ್ಲಿ ನರಕಾಸುರ ಇನ್ನೂ ಸತ್ತಿರಲಿಲ್ಲ.

“ಯಾರಂತೆ ಅದು, ತಲೆಗೆ ಎಣ್ಣೆ ಇಟ್ಟವನನ್ನು ಎಬ್ಬಿಸೋರು?” ಎಂದು ಅಜ್ಜಿ ಸೊಸೆಯನ್ನು ಕೇಳಿದರು. ಅವಳು ಉತ್ತರ ಹೇಳದೆ ಬಟ್ಟಲನ್ನು ಮತ್ತೆ ಬಿಸಿಗೆ ಇಟ್ಟಳು. ಅವನು ಹಿಂದಿರುಗುವ ಹೊತ್ತಿಗೆ ಅಜ್ಜಿಯ ಕೈ ಸೋತಿತ್ತು. ಉಳಿದ ಎಣ್ಣೆಯನ್ನು ಅವನು ತಾನೇ ತಿಕ್ಕಿಕೊಂಡು ಸ್ನಾನಕ್ಕೆ ಹೋದನು.

ಹೊರಗಿನವರು ಮನೆಯೊಳಕ್ಕೆ ಬಂದು ಮಾತನಾಡುವುದು ಆ ಊರಿಗೆ ಹೊಸತಲ್ಲ. 1935ರಲ್ಲಿಯೇ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದೇ ಅಲ್ಲಿ. ಅಜ್ಜಿ ಸೊಸೆಯಾಗಿ ಬಂದಾಗ ಈ ಮನೆಯ ನಡುಮನೆಯಲ್ಲಿ ರೇಡಿಯೋಗೆಂದೇ ಮರದ ಗೂಡೊಂದನ್ನು ಮಾಡಿಸಿದ್ದರು. ಕಸೂತಿಯ ಹೊದಿಕೆ ಹೊದ್ದು, ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿಸಿಕೊಂಡು ಅದು ಅಲ್ಲಿ ಕುಳಿತಿತ್ತು. ಕೇಳಬೇಕಾದವರು ಅದರ ಬಳಿಗೆ ಹೋಗಬೇಕು. ರಾತ್ರಿ ನಿಲಯ ಮುಚ್ಚಿದ ಮೇಲೆ ಅದೂ ಮನೆಯವರಂತೆಯೇ ಮಲಗುತ್ತಿತ್ತು. 1987ರ ಜನವರಿಯಿಂದ ಭಾನುವಾರದ ಬೆಳಗುಗಳನ್ನು ದೂರದರ್ಶನದ ರಾಮಾಯಣ ವಶಪಡಿಸಿಕೊಂಡಾಗ ಮನೆಯ ಕ್ರಮವೇನೋ ಏರುಪೇರಾಯಿತು. ಹುಳಿ ಕುದಿಯುವುದು ತಡವಾಯಿತು; ಅಕ್ಕಪಕ್ಕದವರೆಲ್ಲ ಬಂದು ಜಮಖಾನೆ ತುಂಬಿದರು. ಆದರೆ ಎಲ್ಲರೂ ಒಂದೇ ಕಡೆಗೆ ಮುಖಮಾಡಿ ಕುಳಿತಿದ್ದರು. ಕಾಡಿಗೆ ಹೊರಟ ರಾಮನಿಗಾಗಿ ಒಟ್ಟಿಗೇ ಅತ್ತು, ಮುಗಿದ ಮೇಲೆ ಒಟ್ಟಿಗೇ ಕಾಫಿ ಕುಡಿದರು. ಆ ಅತಿಥಿಗಳಿಗೆ ಕೂರಲು ಒಂದು ಜಾಗ, ಹೊರಡಲು ಒಂದು ಹೊತ್ತು ಇತ್ತು. ಅಂಗೈಯಲ್ಲಿರುವ ಈ ಹೊಸ ಅತಿಥಿಗೆ ಎರಡೂ ಇಲ್ಲ.

ಹಾಗೆಂದು ಅಜ್ಜಿಯೂ ಪೂರ್ತಿ ನಿರ್ದೋಷಿಯಲ್ಲ. ಅವರಿಗೆಂದೇ ಒಂದು ಫೋನುಂಟು. ಅದೇ ಬೆಳಿಗ್ಗೆ ಏಳಕ್ಕೆ ಹೊಸ ಸೀರೆಯುಟ್ಟು, ನ್ಯೂಜೆರ್ಸಿಯಲ್ಲಿರುವ ಮೊಮ್ಮಗಳನ್ನು ವಿಡಿಯೋದಲ್ಲಿ ಕರೆದು, ಪರದೆಯ ಮುಂದೆ ಆರತಿಯ ತಟ್ಟೆಯನ್ನು ಮೂರು ಸುತ್ತು ತಿರುಗಿಸಿದರು. ಅಲ್ಲಿ ರಾತ್ರಿ ಒಂಬತ್ತೂವರೆ. ಆಗತಾನೇ ಮಲಗಿದ್ದ ಮಗು ಎದ್ದು ಅಳತೊಡಗಿತು. “ನಾಳೆ ಆಫೀಸಿದೆ ಅಜ್ಜಿ, ಎಣ್ಣೆನೀರು ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ” ಎಂದು ಮೊಮ್ಮಗಳು ಪಿಸುದನಿಯಲ್ಲಿ ಹೇಳಿದಳು. ಅಜ್ಜಿಗೆ ಮಗುವಿನ ಅಳುವೂ ಕೇಳಲು ಇಂಪಾಗಿಯೇ ಇತ್ತು. ಹುಟ್ಟಿದಂದಿನಿಂದ ಆ ಮಗುವನ್ನು ಅವರು ಎತ್ತಿಕೊಂಡಿಲ್ಲ. ಈ ಕರೆಯನ್ನು ಉಪದ್ರವವೆನ್ನಬೇಕೋ ಉಪಕಾರವೆನ್ನಬೇಕೋ, ಆ ಮೊಮ್ಮಗಳನ್ನೇ ಕೇಳಬೇಕು.

ರಾಜ್ಯೋತ್ಸವದ ದಿನ ಮೂರು ಕರೆ. ಶನಿವಾರ ಬೆಳಿಗ್ಗೆ ಮತ್ತೊಂದು. ನಿವೃತ್ತರಾದ ಮೇಲೆ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ರಾಯರು ಊಟಕ್ಕೆ ಕುಳಿತಾಗ ವಿಷಯ ತೆಗೆದರು. ಕೆಲಸದ ಹೊತ್ತು ಮೀರಿದ ಮೇಲೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಿಂದಲೇ ಕಾಯಿದೆಯಲ್ಲಿ ಸೇರಿದೆಯೆಂದೂ, ಆಸ್ಟ್ರೇಲಿಯದಲ್ಲಿಯೂ ಅಂಥದೇ ಹಕ್ಕು ಆ ವರ್ಷದ ಆಗಸ್ಟ್ 26ರಂದು ಜಾರಿಗೆ ಬಂದಿತೆಂದೂ, ನಮ್ಮ ಲೋಕಸಭೆಯಲ್ಲಿಯೂ ಸದಸ್ಯರೊಬ್ಬರು ಖಾಸಗಿ ಮಸೂದೆ ತಂದುದುಂಟೆಂದೂ ಹೇಳಿದರು.

“ಫೋನು ತೆಗೆಯದಿದ್ದರೆ ನಮ್ಮಲ್ಲೂ ಯಾರೂ ಬಯ್ಯೋದಿಲ್ಲ ಅಣ್ಣ” ಎಂದನು ಮಗ. “ತೆಗೆದವನ ಹೆಸರು ನೆನಪಿಟ್ಟುಕೊಳ್ತಾರೆ, ಅಷ್ಟೆ.”

ಈ ಮಾತಿಗೆ ರಾಯರ ಬಳಿ ಉತ್ತರವಿರಲಿಲ್ಲ. ಮೂವತ್ತಾರು ವರ್ಷ ಸರ್ಕಾರಿ ನೌಕರಿಯಲ್ಲಿದ್ದವರು. ಐದೂವರೆಗೆ ಮೇಜಿಗೆ ಬೀಗ ಹಾಕಿದರೆ ಕಡತಗಳು ಮನೆಯವರೆಗೆ ನಡೆದು ಬರುತ್ತಿರಲಿಲ್ಲ. ಮಗನ ಸಂಬಳ ತಮ್ಮ ಕೊನೆಯ ಸಂಬಳದ ಎಷ್ಟರಷ್ಟಿದೆ ಎಂಬುದೂ ಅವರಿಗೆ ತಿಳಿದಿತ್ತು. ಬಚ್ಚಲಮನೆಯ ಗೀಸರು ಆ ಸಂಬಳದಿಂದಲೇ ಬಂದದ್ದು.

ತೀರ್ಪು ಕೊಟ್ಟವರು ಅಜ್ಜಿ. “ಊಟ ಮುಗಿಯೋವರೆಗೆ ಅದು ರೇಡಿಯೋ ಗೂಡಿನಲ್ಲಿರಲಿ.” ರೇಡಿಯೋ ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಗೂಡು ಇನ್ನೂ ಉಳಿದಿತ್ತು, ದೀಪದ ಬತ್ತಿಯ ಡಬ್ಬಿ, ಹಳೆಯ ಪಂಚಾಂಗಗಳು ಅದರಲ್ಲಿದ್ದವು. ಮೊಮ್ಮಗ ನಕ್ಕು ಎದ್ದುಹೋಗಿ ಫೋನನ್ನು ಅವುಗಳ ನಡುವೆ ಇಟ್ಟು ಬಂದನು. ಕೋಸಂಬರಿ ಬಂತು, ಪಲ್ಯ ಬಂತು. ಅವನು ಚಿಕ್ಕವನಿದ್ದಾಗ ಸುರುಸುರುಬತ್ತಿಯಿಂದ ಪಕ್ಕದ ಮನೆಯವರ ಒಣಗಲು ಹಾಕಿದ್ದ ಪಂಚೆಯನ್ನು ಸುಟ್ಟ ಕಥೆಯನ್ನು ರಾಯರು ಪ್ರಾರಂಭಿಸಿದರು. ವರ್ಷ ವರ್ಷವೂ ಹೇಳುವ ಕಥೆ. ಪಂಚೆಯ ತೂತು ವರ್ಷ ವರ್ಷವೂ ದೊಡ್ಡದಾಗುತ್ತದೆ.

ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಗೂಡಿನಲ್ಲಿ ಫೋನು ಕೂಗಿತು. ಯಾರೂ ಏಳಲಿಲ್ಲ. ಮೊಮ್ಮಗ ಎಲೆಯ ಮೇಲಿನಿಂದ ಕಣ್ಣೆತ್ತಲಿಲ್ಲ. ಅದು ಕೂಗಿ ನಿಂತು, ಮತ್ತೆ ಕೂಗಿತು.

ಚಡಪಡಿಸತೊಡಗಿದವರು ಅಜ್ಜಿ. ಅವರ ಕಾಲದಲ್ಲಿ ದೂರದೂರಿನ ಸುದ್ದಿ ಸುಮ್ಮನೆ ಬರುತ್ತಿರಲಿಲ್ಲ. ಪಕ್ಕದ ಮನೆಗೆ ಟ್ರಂಕ್ ಕಾಲ್ ಬಂದಿದೆಯೆಂದು ಹುಡುಗ ಓಡಿಬಂದರೆ ಆಸ್ಪತ್ರೆಯ ಮಾತು. ತಂತಿಯವನು ಗೇಟಿನಲ್ಲಿ ಸೈಕಲ್ ನಿಲ್ಲಿಸಿದರೆ ಮನೆಯ ಹೆಂಗಸರು ಲಕೋಟೆ ಒಡೆಯುವ ಮೊದಲೇ ಕುಳಿತುಬಿಡುತ್ತಿದ್ದರು. ತಮ್ಮ ತಂದೆ ತೀರಿಕೊಂಡ ಸುದ್ದಿಯನ್ನು ಅವರು ಇದೇ ನಡುಮನೆಯಲ್ಲಿ ತಂತಿಯಿಂದ ತಿಳಿದದ್ದು. ದೇಶದಲ್ಲಿ ತಂತಿಯ ವ್ಯವಸ್ಥೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. ಅಜ್ಜಿಯ ಎದೆಯಲ್ಲಿ ನಿಂತಿರಲಿಲ್ಲ.

“ಎದ್ದು ನೋಡೋ ಮಗು” ಎಂದರು. “ಯಾರಿಗೆ ಏನಾಗಿದೆಯೋ ಏನೋ.”

“ನೀವೇ ಅಲ್ಲವೇ ಅಜ್ಜಿ, ಅಲ್ಲಿಡು ಎಂದದ್ದು?”

“ಎಡಗೈಯಲ್ಲಿ ತೆಗೆದು ಕೇಳಿಬಿಟ್ಟು ಬಾ.”

ಅವನು ಎಂಜಲು ಕೈಯನ್ನು ಮೇಲೆತ್ತಿಕೊಂಡು ಹೋಗಿ, ಎರಡು ಮಾತು ಕೇಳಿ, ಫೋನನ್ನು ಗೂಡಿನಲ್ಲಿಯೇ ಇಟ್ಟು ಮರಳಿದನು. ಅಜ್ಜಿಯ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲಿಯೇ ನಿಂತಿತ್ತು.

“ಯಾರೋ ಬ್ಯಾಂಕಿನವರು. ಸಾಲ ಬೇಕೆ ಅಂತ ಕೇಳ್ತಿದ್ದರು.”

“ಹಬ್ಬದ ದಿನ ಮನೆಗೆ ಹುಡುಕಿಕೊಂಡು ಬಂದು ಸಾಲ ಕೊಡೋರೂ ಇದ್ದಾರೆಯೆ!” ಎಂದು ಅಜ್ಜಿ ನಿಟ್ಟುಸಿರಿಟ್ಟು, ಅವನ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿದರು. ರಾಯರು ಪಂಚೆಯ ಕಥೆಯನ್ನು ಮತ್ತೆ ಮೊದಲಿನಿಂದ ಪ್ರಾರಂಭಿಸಿದರು.