ಒಂದು ಬೆಳಗಿನ ಮೈದಾನ

2022ರ ಮೇ 2ರಂದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಿನ ಎವುಡ್ ಪಾರ್ಕ್ ಫುಟ್ಬಾಲ್ ಮೈದಾನದಲ್ಲಿ ರಮಝಾನ್ ಈದ್‌ನ ನಮಾಝ್ ನಡೆಯಿತು. ಆ ದೇಶದ ಕ್ಲಬ್ಬೊಂದು ತನ್ನ ಆಟದ ಹುಲ್ಲಿನ ಮೇಲೆ ಈದ್ ನಮಾಝಿಗೆ ಜಾಗ ಕೊಟ್ಟದ್ದು ಅದೇ ಮೊದಲು. ಚಿತ್ರಗಳು ಊರೂರು ಸುತ್ತಿದವು. 'ನೋಡಿ, ಅವರದು ಎಂಥ ದೊಡ್ಡ ಮನಸ್ಸು' ಎಂದು ನಮ್ಮವರು ಹಿಗ್ಗಿದರು. ರಸ್ತೆ ಬದಿಯ ನಮಾಝಿಗೂ ಪೊಲೀಸ್ ಕೇಸು ಬೀಳುವ ದೇಶದಲ್ಲಿ ಕೂತು ನೋಡಿದವರು ಹಿಗ್ಗದೆ ಇನ್ನೇನು ಮಾಡಿಯಾರು?

ನನ್ನ ತಕರಾರು 'ದೊಡ್ಡ ಮನಸ್ಸು' ಎಂಬ ಮಾತಿನ ಬಗ್ಗೆ. ಬ್ಲ್ಯಾಕ್‌ಬರ್ನ್ ಬಟ್ಟೆ ಗಿರಣಿಗಳ ಊರು. ಗುಜರಾತಿನಿಂದ, ಪಾಕಿಸ್ತಾನದಿಂದ ಹೋದವರು ಅಲ್ಲಿನ ಗಿರಣಿಗಳಲ್ಲಿ ರಾತ್ರಿ ಪಾಳಿ ದುಡಿದು ಮನೆ ಕಟ್ಟಿಕೊಂಡರು. 2021ರ ಜನಗಣತಿಯ ಪ್ರಕಾರ ಬ್ಲ್ಯಾಕ್‌ಬರ್ನ್-ಡಾರ್ವೆನ್ ಆಡಳಿತ ಪ್ರದೇಶದಲ್ಲಿ ನೂರಕ್ಕೆ 35 ಮಂದಿ ಮುಸ್ಲಿಮರು. ಅವರು ಆ ಊರಿನ ನೆಂಟರಲ್ಲ. ಮನೆಯವರಿಗೆ ಮನೆಯ ಅಂಗಳ ಬಿಟ್ಟುಕೊಟ್ಟರೆ ಅದಕ್ಕೆ ಎಹಸಾನ್ ಎನ್ನುತ್ತಾರೆಯೇ? ಅದು ಹಕ್ಕು.

ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳಿಗೆಲ್ಲ ಈಗ ಒಂದೊಂದು ಸಮುದಾಯ ಟ್ರಸ್ಟ್ ಇದೆ. ಇದರ ಬೇರು 1986ರಲ್ಲಿ. ಹಿಂದಿನ ವರ್ಷವಷ್ಟೇ ಪ್ರೇಕ್ಷಕರ ಪುಂಡಾಟ, ಸಾವುನೋವುಗಳಿಂದ ಫುಟ್ಬಾಲಿನ ಹೆಸರು ಕೆಟ್ಟು ಕೆರ ಹಿಡಿದಿತ್ತು. ಆಗ ಆಟಗಾರರ ಸಂಘ ವಾಯವ್ಯ ಇಂಗ್ಲೆಂಡಿನ ಆರು ಕ್ಲಬ್ಬುಗಳಲ್ಲಿ ಈ ಕೆಲಸ ಶುರುಮಾಡಿತು. ಶಾಲೆಗಳಲ್ಲಿ ತರಬೇತಿ, ನಿರುದ್ಯೋಗಿ ಹುಡುಗರಿಗೆ ಕೆಲಸ, ಮುದುಕರಿಗೆ ನಡೆದಾಡುವ ಫುಟ್ಬಾಲ್ - ಹೀಗೆ ಅದು ಬೆಳೆದಿದೆ. ಇದನ್ನು ಗೇಲಿ ಮಾಡುವವನು ನಾನಲ್ಲ. ಆದರೆ ಟ್ರಸ್ಟಿನ ಲೆಕ್ಕವೇ ಬೇರೆ, ಕ್ಲಬ್ಬಿನ ಲೆಕ್ಕವೇ ಬೇರೆ. ಕ್ಲಬ್ಬಿಗೆ ಊರಿನ ಮೇಲಿರುವ ಪ್ರೀತಿಯನ್ನು ಟ್ರಸ್ಟಿನ ಫೋಟೋಗಳಲ್ಲಲ್ಲ, ಕ್ಲಬ್ಬಿನ ಬಜೆಟ್ಟಿನಲ್ಲಿ ಹುಡುಕಬೇಕು.

ಬ್ಲ್ಯಾಕ್‌ಬರ್ನ್ ರೋವರ್ಸ್ 1875ರ ಕ್ಲಬ್. 2010ರಲ್ಲಿ ಅದನ್ನು ಕೊಂಡವರು ನಮ್ಮ ಪುಣೆಯ ಕೋಳಿ ವ್ಯಾಪಾರದ ವೆಂಕೀಸ್ ಬಳಗದವರು. 2012ರಲ್ಲಿ ತಂಡ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದ ದಿನ, ಸಿಟ್ಟಿಗೆದ್ದ ಅಭಿಮಾನಿಗಳು ಕ್ಲಬ್ಬಿನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. (ಕೋಳಿಯದೇನೂ ತಪ್ಪಿರಲಿಲ್ಲ.)

ಈದ್ ನಮಾಝಿನ ಮೂರು ವರ್ಷಗಳ ನಂತರ, 2025ರ ಮೇ ತಿಂಗಳಲ್ಲಿ, ಇದೇ ಕ್ಲಬ್ ಮಹಿಳೆಯರ ಎರಡನೇ ದರ್ಜೆಯ ಲೀಗಿನಿಂದ ತನ್ನ ತಂಡವನ್ನು ಹಿಂದಕ್ಕೆ ಪಡೆಯಿತು. ಆಟದಲ್ಲಿ ಸೋತು ಹೊರಬಿದ್ದದ್ದಲ್ಲ. ಸೌಕರ್ಯ, ಆಟಗಾರ್ತಿಯರ ಯೋಗಕ್ಷೇಮ ಇವುಗಳಿಗೆ ಲೀಗ್ ವಿಧಿಸಿದ ಕನಿಷ್ಠ ಷರತ್ತುಗಳಿಗೆ ದುಡ್ಡು ಹಾಕಲು ಮಾಲೀಕರು ಮುಂದಾಗಲಿಲ್ಲ. 2019ರಿಂದ ಆ ದರ್ಜೆಯಲ್ಲಿ ಆಡಿಕೊಂಡು ಬಂದಿದ್ದ ಹುಡುಗಿಯರನ್ನು ಒಂದು ನಿರ್ಧಾರದಿಂದ ಕೆಳಕ್ಕೆ ತಳ್ಳಲಾಯಿತು.

ಕೀರಾ ವಾಲ್ಶ್, ಜಾರ್ಜಿಯಾ ಸ್ಟಾನ್‌ವೇ, ಎಲ್ಲಾ ಟೂನ್ - ಮೂವರೂ ಎಳೆಯ ವಯಸ್ಸಿನಲ್ಲಿ ಈ ಕ್ಲಬ್ಬಿನಲ್ಲಿ ಆಡಿದವರು. ಮೂವರೂ 2022ರಲ್ಲಿ ಇಂಗ್ಲೆಂಡಿಗೆ ಯುರೋಪ್ ಕಪ್ ಗೆದ್ದುಕೊಟ್ಟ ತಂಡದಲ್ಲಿದ್ದರು. ತಂಡವನ್ನು ಹಿಂದಕ್ಕೆ ಪಡೆದು ಎರಡೂವರೆ ತಿಂಗಳಾಗುವ ಮೊದಲೇ, 2025ರ ಜುಲೈ 27ರಂದು, ಅದೇ ಮೂವರಿದ್ದ ತಂಡ ಮತ್ತೆ ಕಪ್ ಗೆದ್ದಿತು.

'ಕ್ಲಬ್ ನಷ್ಟದಲ್ಲಿದೆ, ಮಾಲೀಕರು ಈಗಾಗಲೇ ಕೈಯಿಂದ ಬಹಳ ಸುರಿದಿದ್ದಾರೆ' ಎನ್ನುವವರಿದ್ದಾರೆ. ಸುರಿದದ್ದು ನಿಜ. ಗಂಡಸರ ತಂಡವೂ ಎಷ್ಟೋ ವರ್ಷ ನಷ್ಟದಲ್ಲೇ ನಡೆದಿದೆ. ನಷ್ಟವಾಗುತ್ತಿದೆ ಎಂದು ಅದನ್ನು ಕೆಳದರ್ಜೆಗೆ ಕಳಿಸಿದರೇ? ಮನೆಯಲ್ಲಿ ಬಡತನ ಬಂದಾಗ ಮೊದಲು ಶಾಲೆ ಬಿಡುವವಳು ಮಗಳು. ಇದು ನಮ್ಮ ಮೊಹಲ್ಲಾಗಳ ಕತೆ ಮಾತ್ರ ಎಂದುಕೊಂಡಿದ್ದೆವಲ್ಲ, ಲಂಕಾಶೈರಿನಲ್ಲೂ ಅದೇ ಕತೆ.

ಅಲ್ಲಿ ಇದು ಹೊಸತೂ ಅಲ್ಲ. ಪಕ್ಕದ ಪ್ರೆಸ್ಟನ್ನಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣಾಳುಗಳು ಮೊದಲ ಮಹಾಯುದ್ಧದ ಹೊತ್ತಿಗೆ ತಂಡ ಕಟ್ಟಿ, ಗಾಯಾಳು ಸೈನಿಕರ ಆಸ್ಪತ್ರೆಗಾಗಿ ಆಡಿ ಹಣ ಕೂಡಿಸಿದರು. 1920ರ ಕ್ರಿಸ್‌ಮಸ್ ಮಾರನೇ ದಿನ ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು 53 ಸಾವಿರ ಜನ ಸೇರಿದ್ದರು. ಫುಟ್ಬಾಲ್ ಆಡಳಿತ ಕೊಟ್ಟ ಬಹುಮಾನವೇನು? ಆಟ ಹೆಂಗಸರಿಗೆ ಒಗ್ಗುವುದಿಲ್ಲವಂತೆ, ಕೂಡಿಸಿದ ಹಣ ಪೂರ್ತಿಯಾಗಿ ದಾನಕ್ಕೆ ಹೋಗುತ್ತಿಲ್ಲವಂತೆ! 1921ರ ಡಿಸೆಂಬರಿನಲ್ಲಿ ಕ್ಲಬ್ಬುಗಳ ಮೈದಾನಗಳನ್ನೆಲ್ಲ ಹೆಣ್ಣುಮಕ್ಕಳಿಗೆ ಮುಚ್ಚಲಾಯಿತು. ಆ ಬೀಗ ತೆಗೆಯಲು ಸುಮಾರು ಐವತ್ತು ವರ್ಷ ಬೇಕಾಯಿತು. ಫುಟ್ಬಾಲಿನ 'ಸಮುದಾಯ ಸೇವೆ'ಯ ಚರಿತ್ರೆ ಬರೆಯುವವರು 1986ರಿಂದಲ್ಲ, ಈ ಹೆಣ್ಣಾಳುಗಳಿಂದ ಶುರುಮಾಡಲಿ.

ಈದ್ ಚಿತ್ರಗಳನ್ನು ಹಂಚಿ ಸಂಭ್ರಮಿಸಿದ ನಾವು 2025ರ ಈ ಸುದ್ದಿಯನ್ನು ಎಷ್ಟು ಜನರಿಗೆ ಕಳಿಸಿದೆವು? ನಮಾಝಿನ ವಿಷಯ ಮಾತ್ರ ನಮ್ಮದು, ಊರಿನ ಹುಡುಗಿಯರ ಆಟ ಇನ್ಯಾರದೋ ಎಂದುಕೊಂಡರೆ, ನಾವೇ ನಮ್ಮನ್ನು ಒಂದು ಬೆಳಗಿನ ನೆಂಟರನ್ನಾಗಿ ಮಾಡಿಕೊಂಡಂತೆ. ಇನ್ನೊಂದು ಈದ್‌ಗೆ ಎವುಡ್ ಪಾರ್ಕಿನ ಬಾಗಿಲು ತೆರೆದರೆ, ಆ ಊರಿನ ಅಬ್ಬಾಂದಿರು ಸಫ್‌ನಲ್ಲಿ ನಿಂತು ನಮಾಝ್ ಮಾಡಲಿ, ಮುಸಾಫಹ ಮಾಡಲಿ, ಸೇವಿಗೆ ಪಾಯಸವನ್ನೂ ಹಂಚಲಿ. ಆಮೇಲೆ ಕ್ಲಬ್ಬಿನ ಕಚೇರಿಗೆ ಹೋಗಿ ಕೇಳಲಿ: ನಮ್ಮ ಹುಡುಗಿಯರ ತಂಡವನ್ನು ಯಾವ ವರ್ಷ ಮೇಲಕ್ಕೆ ತರುತ್ತೀರಿ, ಅದಕ್ಕೆ ಎಷ್ಟು ದುಡ್ಡು ಎತ್ತಿಟ್ಟಿದ್ದೀರಿ?